ಅಡಿಕೆ ಮರದ ಗಾಯ ಏಕೆ ಮಾಯುವುದಿಲ್ಲ, ಟೊಳ್ಳು ಹಲಸು ಏಕೆ ಬೀಳುವುದಿಲ್ಲ?

ಶರಾವತಿ ತೀರ

ಸಾಗರದ ಸಮೀಪ ನಮ್ಮ ಕುಟುಂಬದ ಹಳೆಯ ಅಡಿಕೆ ತೋಟವಿದೆ. ತೋಟದ ಪಶ್ಚಿಮ ಅಂಚಿನಲ್ಲಿದ್ದ ದೊಡ್ಡ ಮರಗಳು ಹೋದ ಮೇಲೆ ಆ ಬದಿಯ ಅಡಿಕೆ ಮರಗಳ ನೈಋತ್ಯ ಮಗ್ಗುಲಿನಲ್ಲಿ ಮೊದಲು ಹೊಂಬಣ್ಣದ ಮಚ್ಚೆಗಳು ಕಾಣಿಸಿಕೊಂಡವು. ಅವು ಕಂದು ಬಣ್ಣಕ್ಕೆ ತಿರುಗಿ, ಈಗ ಕಾಂಡ ಉದ್ದುದ್ದಕ್ಕೆ ಸೀಳಿದೆ. ವಿಚಿತ್ರವೆಂದರೆ ತುದಿಯಲ್ಲಿ ಮರಗಳು ಹಸಿರಾಗಿಯೇ ಇವೆ, ಹಿಂಗಾರವೂ ಬರುತ್ತಿದೆ.

ಇದೇ ಹಿತ್ತಲಿನಲ್ಲಿ ಎರಡು ಹಲಸಿನ ಮರಗಳಿದ್ದವು. ಒಂದರ ಬುಡ ಒಬ್ಬ ಹುಡುಗ ಒಳಗೆ ನಿಲ್ಲುವಷ್ಟು ಟೊಳ್ಳಾಗಿದ್ದರೂ ಅದು ಇಂದಿಗೂ ಕಾಯಿ ಬಿಡುತ್ತಿದೆ. ಇನ್ನೊಂದರ ಬುಡದ ತೊಗಟೆಯನ್ನು ದನಗಳು ಸುತ್ತಲೂ ಕೆರೆದು ತಿಂದುಹಾಕಿದ್ದವು. ಒಳಗಿನ ಮರ ಗಟ್ಟಿಯಾಗಿಯೇ ಇದ್ದರೂ ಅದು ನಿಧಾನವಾಗಿ ಸೊರಗಿ ಒಣಗಿತು. ಹೊಟ್ಟೆಯೇ ಇಲ್ಲದ ಮರ ಬದುಕಿ, ಬರಿಯ ಸಿಪ್ಪೆ ಕಳೆದುಕೊಂಡ ಮರ ಸತ್ತದ್ದು ಹೇಗೆ? ಅಡಿಕೆಯ ಸೀಳನ್ನು ಕೆತ್ತಿ ಸೆಗಣಿ–ಮಣ್ಣು ಮೆತ್ತಿದರೆ ಮಾಯುತ್ತದೆ ಎಂದು ಹಿರಿಯರು ಹೇಳುತ್ತಾರೆ. ಅದರಿಂದ ಉಪಯೋಗವಿದೆಯೇ? ತಿಳಿದವರು ವಿವರಿಸಬೇಕಾಗಿ ಕೋರುತ್ತೇನೆ.

ಸಸ್ಯಶಾಸ್ತ್ರ ಉಪನ್ಯಾಸಕಿ

ಹಲಸನ್ನೂ ಅಡಿಕೆಯನ್ನೂ ನಾವು ಮರವೆಂದೇ ಕರೆಯುತ್ತೇವಾದರೂ ಅವುಗಳ ಒಳಗಿನ ಕಟ್ಟಡ ತೀರ ಬೇರೆ. ಆದ್ದರಿಂದ ಮೊದಲು ಹಲಸನ್ನು ಮುಗಿಸಿಕೊಂಡು ಅಡಿಕೆಗೆ ಬರುವುದು ಒಳ್ಳೆಯದು.

ಹಲಸು, ಮಾವು, ಹುಣಸೆಯಂತಹ ದ್ವಿದಳ ಮರಗಳ ತೊಗಟೆಯ ಒಳಮೈಗೆ ಅಂಟಿಕೊಂಡಂತೆ ಫ್ಲೋಯಂ ಎಂಬ ಅಂಗಾಂಶದ ತೆಳುವಾದ ಪದರವಿರುತ್ತದೆ. ಎಲೆಗಳಲ್ಲಿ ತಯಾರಾದ ಸಕ್ಕರೆ ಬೇರಿಗೆ ಇಳಿಯುವುದು ಈ ಪದರದ ಮೂಲಕ. ಅದರ ಒಳಗೆ ಕೇಂಬಿಯಂ ಎಂಬ, ಕೆಲವೇ ಕೋಶಗಳಷ್ಟು ದಪ್ಪದ, ಸದಾ ವಿಭಜನೆಗೊಳ್ಳುವ ಪದರವಿದೆ. ಅದು ಹೊರಗೆ ಹೊಸ ಫ್ಲೋಯಂ ಅನ್ನೂ ಒಳಗೆ ಹೊಸ ಕ್ಸೈಲಂ ಅನ್ನೂ ಕಟ್ಟುತ್ತಲೇ ಇರುವುದರಿಂದ ಮರ ವರ್ಷವರ್ಷವೂ ದಪ್ಪವಾಗುತ್ತದೆ. ನೀರು ಮೇಲಕ್ಕೇರುವುದು ಕ್ಸೈಲಂ ಮೂಲಕ. ಅದರ ನಾಳಗಳು ಕೆಲಸಕ್ಕೆ ಸಿದ್ಧವಾಗುವ ಹೊತ್ತಿಗೆ ಸತ್ತಿರುತ್ತವೆ, ಲಿಗ್ನಿನ್ ಎಂಬ ಗಟ್ಟಿ ಪದಾರ್ಥ ತುಂಬಿದ ಗೋಡೆಗಳಷ್ಟೇ ಉಳಿದಿರುತ್ತವೆ. ನೀರು ಸಾಗಿಸುವ ಆ ಗೋಡೆಗಳೂ ಅವುಗಳ ನಡುವಿನ ನಾರುಗಳೂ ಸೇರಿಯೇ ಮರವನ್ನು ಎತ್ತಿ ಹಿಡಿಯುತ್ತವೆ.

ದನಗಳು ಕೆರೆದುಹಾಕಿದ್ದು ಫ್ಲೋಯಂ ಮತ್ತು ಕೇಂಬಿಯಂ ಅನ್ನು. ನೀರಿನ ದಾರಿ ಒಳಗೆ ಹಾಗೆಯೇ ಇದ್ದುದರಿಂದ ಎಲೆಗಳಿಗೆ ಕೂಡಲೇ ಏನೂ ಆಗಲಿಲ್ಲ. ಆದರೆ ಬೇರುಗಳಿಗೆ ಸಕ್ಕರೆ ಇಳಿಯುವುದು ನಿಂತಿತು. ಕೂಡಿಟ್ಟ ಪಿಷ್ಟ ಇರುವವರೆಗೆ ಬೇರುಗಳು ತಡೆದುಕೊಂಡವು, ಅದು ಮುಗಿದ ಬಳಿಕ ಹಸಿದು ಸತ್ತವು, ಬೇರು ಸತ್ತ ಮೇಲೆ ನೀರೂ ನಿಂತಿತು. ಉಂಗುರದಂತೆ ತೊಗಟೆ ತೆಗೆದರೆ ಅದರ ಮೇಲಂಚು ಊದಿಕೊಳ್ಳುವುದನ್ನು ಇಟಲಿಯ ಮಾರ್ಚೆಲ್ಲೊ ಮಾಲ್ಪೀಗಿ 17ನೆಯ ಶತಮಾನದಲ್ಲಿಯೇ ಗಮನಿಸಿದ್ದನು. ರಸ್ತೆಬದಿಯ ಮರವನ್ನು ಸದ್ದಿಲ್ಲದೆ ಕೊಲ್ಲಬಯಸುವವರಿಗೂ ಈ ವಿದ್ಯೆ ಗೊತ್ತಿದೆ ಎಂಬುದು ನಮ್ಮ ನಗರಗಳ ದುರದೃಷ್ಟ.

ಟೊಳ್ಳಾದ ಹಲಸಿನಲ್ಲಿ ಹೋಗಿರುವುದು ನಡುವಿನ ಚೇಗು. ಅಲ್ಲಿನ ನಾಳಗಳು ಎಂದೋ ಮುಚ್ಚಿಹೋಗಿರುತ್ತವೆ, ಜೀವಂತ ಕೋಶಗಳೂ ಇರುವುದಿಲ್ಲ. ನೀರು ಏರುವುದು ಹೊರಗಿನ ಬಿಳಿಯ ಮರದಲ್ಲಿ, ಅದು ತಮ್ಮ ಮರದಲ್ಲಿ ಉಳಿದಿದೆ.

ಉಳಿ ಮತ್ತು ಸುತ್ತಿಗೆ

ಮರಗೆಲಸದವನಾಗಿ ಒಂದು ಮಾತು ಸೇರಿಸುತ್ತೇನೆ. ಹಲಸನ್ನು ಕೊಯ್ಯಿಸಿದಾಗ ಹಳದಿ ಚೇಗಿನ ಸುತ್ತ ಬಿಳಿಯ ಪಟ್ಟೆ ಸ್ಪಷ್ಟವಾಗಿ ಕಾಣುತ್ತದೆ. ಬಾಗಿಲು ಚೌಕಟ್ಟಿಗೆ ಆ ಬಿಳಿಯನ್ನು ಬಳಸಿದರೆ ಹುಳು ಕುಟ್ಟಿ ಹುಡಿ ಉದುರುತ್ತದೆ, ಹಳದಿಯ ತಂಟೆಗೆ ಹುಳು ಅಷ್ಟಾಗಿ ಹೋಗುವುದಿಲ್ಲ. ಉಪನ್ಯಾಸಕಿಯವರು ಹೇಳಿದ ಪಿಷ್ಟಕ್ಕೂ ಇದಕ್ಕೂ ಸಂಬಂಧವಿದೆಯೇ?

ಸಸ್ಯಶಾಸ್ತ್ರ ಉಪನ್ಯಾಸಕಿ

ಖಂಡಿತ ಇದೆ. ಹೊರಮರದ ಜೀವಂತ ಕೋಶಗಳಲ್ಲಿ ಪಿಷ್ಟ ಶೇಖರವಾಗಿರುತ್ತದೆ, ಅದೇ ಹುಳುವಿನ ಆಹಾರ. ಹೊರಮರ ಚೇಗಾಗುವಾಗ ಆ ಕೋಶಗಳು ಸಾಯುವ ಮುನ್ನ ಬಣ್ಣ ಕೊಡುವ, ಕೀಟಗಳಿಗೂ ಶಿಲೀಂಧ್ರಗಳಿಗೂ ಸೇರದ ರಾಸಾಯನಿಕಗಳನ್ನು ತುಂಬಿ ಹೋಗುತ್ತವೆ. ಶ್ರೀಗಂಧದ ಪರಿಮಳವೂ ಚೇಗಿನದೇ.

ನಿವೃತ್ತ ಸಿವಿಲ್ ಇಂಜಿನಿಯರ್

ಟೊಳ್ಳು ಮರ ಗಾಳಿಗೆ ಏಕೆ ಬೀಳುವುದಿಲ್ಲ ಎಂಬುದು ನನ್ನ ವಿಷಯ. ಬಾಗುವ ಕಂಬವೊಂದರ ಒಂದು ಮಗ್ಗುಲು ಹಿಗ್ಗುತ್ತದೆ, ಇನ್ನೊಂದು ಮಗ್ಗುಲು ಕುಗ್ಗುತ್ತದೆ, ನಡುಮಧ್ಯದಲ್ಲಿ ಎಳೆತವೂ ಇಲ್ಲ, ಒತ್ತಡವೂ ಇಲ್ಲ. ದುಂಡಗಿನ ಕಂಬದ ಬಿಗುವು, ಅಂದರೆ ಬಾಗದೆ ತಡೆಯುವ ಗುಣ, ತ್ರಿಜ್ಯದ ನಾಲ್ಕನೆಯ ಘಾತವನ್ನು ಅವಲಂಬಿಸಿರುವುದರಿಂದ, ವ್ಯಾಸದ ಅರ್ಧದಷ್ಟು ಟೊಳ್ಳಾದರೂ ಬಿಗುವಿನಲ್ಲಿ ಕಳೆದುಹೋಗುವುದು 16ರಲ್ಲಿ 1 ಪಾಲು, ಅಂದರೆ ಶೇ 6ರ ಆಸುಪಾಸು ಮಾತ್ರ. ವ್ಯಾಸದ ಶೇ 70ರಷ್ಟು ಟೊಳ್ಳಾದರೆ ನಷ್ಟ ಶೇ 24ಕ್ಕೆ ಏರುತ್ತದೆ, ಅಲ್ಲಿಂದ ಮುಂದೆ ಅಪಾಯ ಬೇಗ ಬೇಗ ಹೆಚ್ಚುತ್ತದೆ.

ಆದರೆ ಈ ಲೆಕ್ಕ ಮುಚ್ಚಿದ ಕೊಳವೆಗೆ ಮಾತ್ರ ಸಲ್ಲುತ್ತದೆ. ಹುಡುಗನೊಬ್ಬ ಒಳಗೆ ಹೋಗಿ ನಿಲ್ಲಬಲ್ಲನೆಂದರೆ ತಮ್ಮ ಹಲಸಿನ ಒಂದು ಮಗ್ಗುಲು ಬಾಗಿಲಿನಂತೆ ತೆರೆದಿದೆ ಎಂದಾಯಿತು. ಸೀಳು ಬಿಟ್ಟ ಕೊಳವೆ ತಿರುಚುವ ಗಾಳಿಗೆ ಬಹಳ ದುರ್ಬಲ. ಅದರ ಕೊಂಬೆಗಳು ಮನೆಯ ಮೇಲೆ ಚಾಚಿದ್ದರೆ ಭಾರವನ್ನು ತಗ್ಗಿಸುವುದು ವಿವೇಕ.

ಶರಾವತಿ ತೀರ

ಹಲಸಿನ ವಿಷಯ ಮನವರಿಕೆಯಾಯಿತು, ಕೊಂಬೆಗಳನ್ನು ಈ ಬೇಸಗೆಯಲ್ಲಿಯೇ ಸವರಿಸುತ್ತೇನೆ. ಅಡಿಕೆಯ ಹೊರಮೈ ಸತ್ತರೂ ತುದಿ ಹಸಿರಾಗಿರುವುದು ಹೇಗೆ? ಅಲ್ಲಿ ಸಕ್ಕರೆಯ ದಾರಿ ಕಡಿಯಲಿಲ್ಲವೇ?

ಸಸ್ಯಶಾಸ್ತ್ರ ಉಪನ್ಯಾಸಕಿ

ಅಡಿಕೆ, ತೆಂಗು, ಬೈನೆ, ಈಚಲು ಇವೆಲ್ಲ ಏಕದಳ ಸಸ್ಯಗಳು. ಇವುಗಳಲ್ಲಿ ಕಾಂಡದ ಸುತ್ತ ಹಬ್ಬಿದ ಕೇಂಬಿಯಂ ಪದರವಿಲ್ಲ, ನೀರಿಗೊಂದು ವರ್ತುಲ, ಸಕ್ಕರೆಗೊಂದು ವರ್ತುಲ ಎಂಬ ವಿಂಗಡಣೆಯೂ ಇಲ್ಲ. ಸಾವಿರಾರು ಸಣ್ಣ ನಾಳಕೂರ್ಚಗಳು ಕಾಂಡದ ತುಂಬ ಚದುರಿಕೊಂಡಿರುತ್ತವೆ. ಒಂದೊಂದು ಕೂರ್ಚದಲ್ಲಿಯೂ ಕ್ಸೈಲಂ, ಫ್ಲೋಯಂ ಎರಡೂ ಇದ್ದು, ಅವುಗಳಿಗೆ ಗಟ್ಟಿ ನಾರಿನ ಕವಚವಿರುತ್ತದೆ. ಆದ್ದರಿಂದ ಅಡಿಕೆಯ ಹೊರಮೈಯನ್ನು ಸುತ್ತಲೂ ಕೆತ್ತಿದರೂ ಒಳಗಿನ ಕೂರ್ಚಗಳಲ್ಲಿ ನೀರು ಏರುತ್ತಲೇ ಇರುತ್ತದೆ, ಸಕ್ಕರೆ ಇಳಿಯುತ್ತಲೇ ಇರುತ್ತದೆ. ತಮ್ಮ ಮರಗಳು ಹಸಿರಾಗಿರುವುದಕ್ಕೆ ಇದು ಕಾರಣ.

ಆಸರೆಯ ಮಾತು ಬೇರೆ. ಕೂರ್ಚಗಳು ಹೊರ ಅಂಚಿನಲ್ಲಿ ಒತ್ತೊತ್ತಾಗಿಯೂ ನಡುವಿನಲ್ಲಿ ವಿರಳವಾಗಿಯೂ ಇರುತ್ತವೆ. ಮರವನ್ನು ನಿಲ್ಲಿಸುವ ನಾರಿನ ಬಹುಪಾಲು ಆ ಹೊರ ಅಂಚಿನಲ್ಲಿಯೇ ಇದೆ. ಇಂಜಿನಿಯರ್ ಅವರ ಲೆಕ್ಕದಂತೆ ಅದು ಇರಬೇಕಾದ ಜಾಗವೂ ಅದೇ, ಅಂಚಿನ ಮರಗಳ ನೆರಳು ಹೋದ ಮೇಲೆ ನೈಋತ್ಯದ ಬಿಸಿಲು ಸುಟ್ಟುಹಾಕಿದ್ದೂ ಅದನ್ನೇ. ಹೀಗಾಗಿ ಸುತ್ತಲೂ ತೊಗಟೆ ಕಳೆದುಕೊಂಡ ಹಲಸು ಹಸಿವಿನಿಂದ ಸಾಯುತ್ತದೆ, ಬಿಸಿಲಿಗೆ ಬೆಂದ ಅಡಿಕೆ ಹಸಿವಿಲ್ಲದೆಯೇ ಒಂದು ದಿನ ಗಾಳಿಗೆ ಮುರಿಯುತ್ತದೆ. ತುದಿಯ ಹಸಿರನ್ನು ನೋಡಿ ಮರ ಸುಸ್ಥಿತಿಯಲ್ಲಿದೆ ಎಂದುಕೊಳ್ಳಬಾರದು.

ಗಾಯ ಮಾಯದಿರುವುದಕ್ಕೂ ಕೇಂಬಿಯಂ ಇಲ್ಲದಿರುವುದೇ ಕಾರಣ. ಮಾವಿನ ಗಾಯದ ಅಂಚಿನಿಂದ ಹೊಸ ಮರ ಉಬ್ಬಿ ಬಂದು ವರ್ಷಗಳಲ್ಲಿ ಮುಚ್ಚಿಕೊಳ್ಳುತ್ತದೆ, ಅಡಿಕೆಗೆ ಆ ಸೌಕರ್ಯವಿಲ್ಲ. ಎಳೆಯದಿರುವಾಗಲೇ ಬುಡದ ಗಾತ್ರವನ್ನು ಪೂರೈಸಿಕೊಂಡು ಅನಂತರ ಮೇಲಕ್ಕೆ ಹೊರಡುವ ಮರ ಅದು. ಇರುವ ಕೋಶಗಳೇ ತಮ್ಮ ಗೋಡೆಗಳನ್ನು ದಪ್ಪ ಮಾಡಿಕೊಳ್ಳುತ್ತ ಹೋಗುವುದರಿಂದ ಹಳೆಯ ತಾಳೆ ಜಾತಿಯ ಮರಗಳ ಬುಡ ಹೆಚ್ಚು ಗಟ್ಟಿಯಾಗುತ್ತದೆಯೇ ಹೊರತು ಹೊಸ ಪದರ ಹುಟ್ಟುವುದಿಲ್ಲ. ಹುಟ್ಟಿದಾಗ ಸಿಕ್ಕ ನಾಳಗಳಲ್ಲಿಯೇ ಅದು ಜೀವಮಾನವಿಡೀ ನೀರು ಸಾಗಿಸಬೇಕು. ಕೆತ್ತಿ ಸೆಗಣಿ ಮೆತ್ತುವ ಕ್ರಮದಲ್ಲಿ ಮೆತ್ತುವುದರಿಂದ ಹಾನಿಯಿಲ್ಲ, ಆದರೆ ಕೆತ್ತುವುದರಿಂದ ಉಳಿದ ನಾರೂ ಹೋಗುತ್ತದೆ.

ಕಡಲ ತಡಿ

ನಮ್ಮ ಉಡುಪಿಯ ಕಡೆಯ ಹಳೆಯ ತೆಂಗಿನ ಮರಗಳಲ್ಲಿ ಹತ್ತುವುದಕ್ಕೆಂದು ಅಜ್ಜಂದಿರು ಕಡಿದ ಮೆಟ್ಟಿಲುಗಳು ಈಗಲೂ ಹಾಗೆಯೇ ಉಳಿದಿರುವ ಗುಟ್ಟು ಇದೇ ಇರಬೇಕು. ಅಡಿಕೆ ಮರವನ್ನು ಸೀಳಿ, ನಡುವಿನ ಮೆತ್ತನೆಯ ಭಾಗವನ್ನು ಕೆತ್ತಿ ತೆಗೆದು ದಂಬೆ ಮಾಡಿ ನೀರು ಹರಿಸುತ್ತಿದ್ದುದು, ಹೊರಗಿನ ಗಟ್ಟಿ ಭಾಗವನ್ನು ದಬ್ಬೆಯಾಗಿ ಬೇಲಿಗೂ ಮಾಡಿಗೂ ಬಳಸುತ್ತಿದ್ದುದು ಕೂಡ ಈ ರಚನೆಯ ಲಾಭವೇ.

ಪ್ರಶ್ನಾರ್ಥಕ

ನೀರು ಏರುತ್ತದೆ ಎಂದು ಎಲ್ಲರೂ ಸರಾಗವಾಗಿ ಹೇಳುತ್ತಿದ್ದೀರಿ. ಏರಿಸುವವರು ಯಾರು? ಬೇರುಗಳು ಪಂಪಿನ ಹಾಗೆ ತಳ್ಳುತ್ತವೆ ಎಂದು ನಾನು ತಿಳಿದಿದ್ದೆ. ಜಗದೀಶಚಂದ್ರ ಬೋಸರು ಕಾಂಡದ ಜೀವಕೋಶಗಳು ಮಿಡಿಯುತ್ತ ನೀರನ್ನು ಮೇಲಕ್ಕೆ ದಾಟಿಸುತ್ತವೆ ಎಂದು ತೋರಿಸಿದ್ದರಲ್ಲವೇ?

ಸಸ್ಯಶಾಸ್ತ್ರ ಉಪನ್ಯಾಸಕಿ

ಬೇರಿನ ಒತ್ತಡ ಎಂಬುದು ನಿಜವಾಗಿಯೂ ಇದೆ. ಬೆಳಗಿನ ಜಾವ ಭತ್ತದ ಎಲೆಯ ತುದಿಯಲ್ಲಿ ನಿಲ್ಲುವ ಹನಿಯನ್ನು ಇಬ್ಬನಿಯೆಂದು ನಾವು ಭಾವಿಸುತ್ತೇವೆ, ಬಹಳ ಸಲ ಅದು ರಾತ್ರಿ ಬೇರು ಒತ್ತಿ ಹೊರಹಾಕಿದ ನೀರು. ಆದರೆ ಈ ಒತ್ತಡ ಸಾಮಾನ್ಯವಾಗಿ ಒಂದೆರಡು ವಾಯುಭಾರದಷ್ಟು ಮಾತ್ರ. ಮರ ಅತಿ ಹೆಚ್ಚು ನೀರು ಬಯಸುವ ನಡುಹಗಲಿನಲ್ಲಿ ಅದು ಕಾಣಿಸುವುದೇ ಇಲ್ಲ. ಲೋಮನಾಳ ಕ್ರಿಯೆಯೂ ಸಾಲದು, ಮಿಲಿಮೀಟರಿನ ಹತ್ತನೆಯ ಒಂದು ಭಾಗ ಅಗಲದ ನಾಳದಲ್ಲಿ ನೀರು ತಾನಾಗಿ ಏರುವುದು 30 ಸೆಂಟಿಮೀಟರಿನಷ್ಟು.

ಬೋಸರ ಕಲ್ಪನೆಯನ್ನು ಗೌರವದಿಂದಲೇ ಪರಿಶೀಲಿಸಬೇಕು. ಈ ವಿಷಯವಾಗಿ ಅವರು 1923ರಲ್ಲಿ ಪ್ರತ್ಯೇಕ ಗ್ರಂಥವನ್ನೇ ಪ್ರಕಟಿಸಿದರು. ಆದರೆ ಅದಕ್ಕೂ ಮುಂಚೆ, 1891ರಲ್ಲಿ, ಜರ್ಮನಿಯ ಎಡ್ವರ್ಡ್ ಸ್ಟ್ರಾಸ್‌ಬರ್ಗರ್ ತನ್ನ ಪ್ರಯೋಗಗಳನ್ನು ಪ್ರಕಟಿಸಿದ್ದನು. 20 ಮೀಟರಿಗೂ ಎತ್ತರದ ಮರಗಳ ಬುಡ ಕತ್ತರಿಸಿ, ಜೀವಕೋಶಗಳನ್ನು ಕೊಲ್ಲುವ ದ್ರಾವಣದಲ್ಲಿ ಅವನು ನಿಲ್ಲಿಸಿದ್ದನು. ದ್ರಾವಣ ದಾರಿಯುದ್ದಕ್ಕೂ ಕೋಶಗಳನ್ನು ಕೊಲ್ಲುತ್ತಲೇ ತುದಿಯವರೆಗೆ ಏರಿತು. ಕಾಂಡದ ಜೀವಕೋಶಗಳೇ ಎತ್ತುಗರಾಗಿದ್ದರೆ ಅದು ನಡುವಿನಲ್ಲಿಯೇ ನಿಲ್ಲಬೇಕಿತ್ತು. ಸಸ್ಯವಿಜ್ಞಾನಿಗಳು ಬೋಸರ ಮಿಡಿತದ ವಾದವನ್ನು ಒಪ್ಪದೆ ಹೋದುದಕ್ಕೆ ಇದೊಂದು ಗಟ್ಟಿಯಾದ ಕಾರಣ. ಸಸ್ಯಗಳಲ್ಲಿನ ವಿದ್ಯುತ್ ಸಂಕೇತಗಳ ಬಗ್ಗೆ ಅವರು ಮಾಡಿದ ಕೆಲಸ ಬೇರೆಯದು, ಅದರ ಬೆಲೆ ಇದರಿಂದ ತಗ್ಗುವುದಿಲ್ಲ.

ಇಂದು ಒಪ್ಪಿತವಾಗಿರುವ ವಿವರಣೆಯನ್ನು ಡಬ್ಲಿನ್ನಿನ ಹೆನ್ರಿ ಡಿಕ್ಸನ್ ಮತ್ತು ಜಾನ್ ಜೋಲಿ 1894ರಲ್ಲಿ ಮುಂದಿಟ್ಟರು. ಎಲೆಯ ಪತ್ರರಂಧ್ರಗಳಿಂದ ನೀರು ಆವಿಯಾಗಿ ಹೋದಂತೆ, ಎಲೆಯ ಕೋಶಗಳ ಗೋಡೆಗಳಲ್ಲಿನ ಅತಿಸೂಕ್ಷ್ಮ ರಂಧ್ರಗಳಲ್ಲಿ ನಿಂತ ನೀರಿನ ಮೇಲ್ಮೈ ಒಳಕ್ಕೆ ಬಾಗಿ ಹಿಂದಿನ ನೀರನ್ನು ಎಳೆಯುತ್ತದೆ. ನೀರಿನ ಅಣುಗಳು ಒಂದನ್ನೊಂದು ಬಲವಾಗಿ ಹಿಡಿದುಕೊಂಡಿರುವುದರಿಂದ ಎಲೆಯಿಂದ ಬೇರಿನವರೆಗಿನ ನೀರಿನ ಕಂಬ ಇಡಿಯಾಗಿ, ಬಾವಿಯಿಂದ ಕೊಡ ಸೇದುವ ಹಗ್ಗದಂತೆ ಬಿಗಿದು, ಮೇಲಕ್ಕೆ ಬರುತ್ತದೆ. ಎಳೆಯುವ ಶಕ್ತಿ ಸೂರ್ಯನದು, ಮರ ಅದಕ್ಕಾಗಿ ತನ್ನ ಸಕ್ಕರೆಯನ್ನು ಖರ್ಚು ಮಾಡುವುದಿಲ್ಲ. ಹೀರಿದ ನೀರಿನಲ್ಲಿ ಶೇ 95ಕ್ಕಿಂತ ಹೆಚ್ಚು ಪಾಲು ಹೀಗೆ ಆವಿಯಾಗಿಯೇ ಹೋಗುತ್ತದೆ.

ನಿವೃತ್ತ ಸಿವಿಲ್ ಇಂಜಿನಿಯರ್

ಇಲ್ಲಿ ನನಗೊಂದು ಆಕ್ಷೇಪವಿದೆ. ಬಾವಿಯ ಮೇಲೆ ಕುಳಿತ ಪಂಪು ಎಷ್ಟೇ ಬಲವಾಗಿ ಹೀರಿದರೂ 10 ಮೀಟರಿಗಿಂತ ಕೆಳಗಿನ ನೀರನ್ನು ಎತ್ತಲಾರದು. ನೀರನ್ನು ಮೇಲಕ್ಕೆ ತಳ್ಳುವುದು ವಾಯುಭಾರ, ಅದರ ಸಾಮರ್ಥ್ಯವೇ ಅಷ್ಟು. ಕ್ಯಾಲಿಫೋರ್ನಿಯಾದ ರೆಡ್‌ವುಡ್ ಮರಗಳು 115 ಮೀಟರಿನವರೆಗೆ ಬೆಳೆದಿವೆ. ಹೀರುವುದರಿಂದ ಅದು ಸಾಧ್ಯವೇ?

ಸಸ್ಯಶಾಸ್ತ್ರ ಉಪನ್ಯಾಸಕಿ

ಆಕ್ಷೇಪ ಸರಿಯಾಗಿದೆ, ಡಿಕ್ಸನ್ ಮತ್ತು ಜೋಲಿ ಅವರನ್ನು ಹಲವರು ದೀರ್ಘಕಾಲ ನಂಬದೆ ಹೋದುದೂ ಇದರಿಂದಲೇ. ಪಂಪಿನ ಕೊಳವೆಯಲ್ಲಿ ನೀರು 10 ಮೀಟರ್ ದಾಟದಿರುವುದಕ್ಕೆ ಕಾರಣ, ಅಲ್ಲಿ ಒತ್ತಡ ಶೂನ್ಯಕ್ಕೆ ಇಳಿಯುತ್ತಲೇ ಗುಳ್ಳೆಗಳೆದ್ದು ಕಂಬ ತುಂಡಾಗುವುದು. ಮರದ ನಾಳದಲ್ಲಿ ಗುಳ್ಳೆ ಹುಟ್ಟುವುದಕ್ಕೆ ಅವಕಾಶ ಬಹಳ ಕಡಿಮೆ. ನಾಳಗಳು ಹುಟ್ಟುವಾಗಲೇ ನೀರು ತುಂಬಿಕೊಂಡಿರುತ್ತವೆ, ಗೋಡೆಗಳು ನೀರಿಗೆ ಗಟ್ಟಿಯಾಗಿ ಅಂಟುತ್ತವೆ, ಒಂದು ನಾಳದಲ್ಲಿ ಗಾಳಿ ಸೇರಿದರೂ ಪಕ್ಕದ ನಾಳಕ್ಕೆ ದಾಟದಂತೆ ನಡುವಿನ ಸೂಕ್ಷ್ಮ ಪೊರೆಗಳು ತಡೆಯುತ್ತವೆ. ಆದ್ದರಿಂದ ಅಲ್ಲಿ ನೀರು ಶೂನ್ಯಕ್ಕಿಂತ ಕೆಳಗಿನ ಒತ್ತಡದಲ್ಲಿ, ಅಂದರೆ ನಿಜವಾದ ಎಳೆತದಲ್ಲಿ ಇರಬಲ್ಲದು. ಬರಗಾಲದಲ್ಲಿ ಎಳೆತ ಮಿತಿಮೀರಿದಾಗ ನಾಳಗಳಲ್ಲಿನ ಕಂಬಗಳು ತುಂಡಾಗುತ್ತವೆ. ಆ ಸಣ್ಣ ಸಿಡಿತವನ್ನು 1960ರ ದಶಕದಿಂದ ಉಪಕರಣಗಳ ಮೂಲಕ ಕೇಳಿಸಿಕೊಳ್ಳಲಾಗಿದೆ. ನಾಳದ ಗೋಡೆಗಳಿಗೆ ಲಿಗ್ನಿನ್ ಬೇಕಾಗಿರುವುದು ಮರ ಬೀಳದಿರಲಿ ಎಂದಷ್ಟೇ ಅಲ್ಲ, ಈ ಎಳೆತಕ್ಕೆ ನಾಳವೇ ಒಳಕ್ಕೆ ಕುಸಿಯದಿರಲಿ ಎಂದೂ ಹೌದು.

ಪುರಾವೆ ನಮ್ಮ ಕರಾವಳಿಯಲ್ಲಿಯೇ ಇದೆ. ಕುಂದಾಪುರದ, ಅಘನಾಶಿನಿಯ ಅಳಿವೆಗಳಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳು ಉಪ್ಪು ನೀರಿನಲ್ಲಿ ನಿಂತಿವೆ. ಸಮುದ್ರದ ನೀರಿನಿಂದ ಉಪ್ಪನ್ನು ಹಿಂದೆ ಬಿಟ್ಟು ಸಿಹಿನೀರನ್ನಷ್ಟೇ ಒಳಕ್ಕೆ ಎಳೆಯಬೇಕಾದರೆ 25 ವಾಯುಭಾರದಷ್ಟಾದರೂ ಎಳೆತ ಬೇಕು. ಪರ್ ಸ್ಕೊಲಾಂಡರ್ ಮತ್ತು ಸಂಗಡಿಗರು ಕತ್ತರಿಸಿದ ರೆಂಬೆಯನ್ನು ಒತ್ತಡದ ಪಾತ್ರೆಯಲ್ಲಿಟ್ಟು ಅಳೆಯುವ ವಿಧಾನವನ್ನು ಬಳಸಿ, 1965ರಲ್ಲಿ ಈ ಜಾತಿಯ ಗಿಡಗಳಲ್ಲಿ ಅದಕ್ಕಿಂತಲೂ ಹೆಚ್ಚಿನ ಎಳೆತವನ್ನು ವರದಿ ಮಾಡಿದರು. ರೆಡ್‌ವುಡ್‌ನ ತುದಿಗೆ ನೀರನ್ನು ಒಯ್ಯಲು ಭಾರದ ಲೆಕ್ಕದಲ್ಲಿ ಬೇಕಾಗುವುದು 12 ವಾಯುಭಾರದಷ್ಟು, ದಾರಿಯ ಘರ್ಷಣೆಗೆ ಇನ್ನಷ್ಟು.

ತಿಪಟೂರು ತೆಂಗು

ಈ ಎಳೆತವನ್ನು ನಾವು ತೆಂಗಿನ ಬೆಳೆಗಾರರು ಕೈಯಾರೆ ಬಳಸಿದ್ದೇವೆ. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ನುಸಿ ಪೀಡೆ ನಮ್ಮ ಸೀಮೆಗೂ ಹಬ್ಬಿದಾಗ ಅಷ್ಟೆತ್ತರದ ಗೊನೆಗಳಿಗೆ ಔಷಧ ಸಿಂಪಡಿಸುವುದು ಕಷ್ಟವಾಗಿ, ಬೇರಿನ ಮೂಲಕ ಕೊಡುವ ಕ್ರಮ ಬಂದಿತು. ಹಸಿಬೇರೊಂದನ್ನು ಓರೆಯಾಗಿ ಕತ್ತರಿಸಿ, ಬೇವಿನ ಔಷಧದ ದ್ರಾವಣವಿರುವ ಪ್ಲಾಸ್ಟಿಕ್ ಚೀಲಕ್ಕೆ ಅದರ ತುದಿಯನ್ನು ಇಳಿಸಿ ಕಟ್ಟಿದರೆ, ಒಳ್ಳೆಯ ಬಿಸಿಲಿದ್ದಲ್ಲಿ ಚೀಲ ಖಾಲಿಯಾಗುತ್ತದೆ. ಮೋಡ ಕವಿದ ದಿನ ಹಾಗೆಯೇ ಉಳಿಯುವುದೂ ಉಂಟು. ತುಂಡಾದ ಬೇರು ಒತ್ತುವುದೆಲ್ಲಿಂದ ಬಂತು, ಎಳೆಯುವುದು ಗರಿಗಳೇ ಎಂದು ನನಗೆ ಈಗ ಹೊಳೆಯುತ್ತಿದೆ.

ಆದರೆ ನೀರಾ ಇಳಿಸುವಾಗ ಹೊಂಬಾಳೆಯ ತುದಿ ಕತ್ತರಿಸಿದರೆ ರಸ ತಾನಾಗಿ ತೊಟ್ಟಿಕ್ಕುತ್ತದೆ. ನಾಳದೊಳಗೆ ಎಳೆತವೇ ಇರುವುದಾದರೆ ಕತ್ತರಿಸಿದಲ್ಲಿ ಗಾಳಿ ಒಳಕ್ಕೆ ಹೋಗಬೇಕಿತ್ತು, ರಸ ಹೊರಗೆ ಬರಬಾರದಿತ್ತು.

ಸಸ್ಯಶಾಸ್ತ್ರ ಉಪನ್ಯಾಸಕಿ

ಈ ಚರ್ಚೆಯಲ್ಲಿ ನನಗೆ ಬಹಳ ಮೆಚ್ಚುಗೆಯಾದ ಪ್ರಶ್ನೆ ಇದು. ನೀರಾ ಬರುವುದು ಕ್ಸೈಲಂನಿಂದಲ್ಲ, ಫ್ಲೋಯಂನಿಂದ. ಅದರ ಸಿಹಿಯೇ ಅದಕ್ಕೆ ಸಾಕ್ಷಿ. ಫ್ಲೋಯಂನ ಜರಡಿ ನಾಳಗಳು ಜೀವಂತ, ಅವುಗಳ ಒಳಗಿರುವುದು ಎಳೆತವಲ್ಲ, ಒತ್ತಡ. ಜರ್ಮನಿಯ ಅರ್ನ್ಸ್ಟ್ ಮ್ಯೂಂಖ್ 1930ರಲ್ಲಿ ವಿಸ್ತಾರವಾಗಿ ವಿವರಿಸಿದಂತೆ, ಎಲೆ ತನ್ನ ಸಕ್ಕರೆಯನ್ನು ಜರಡಿ ನಾಳಕ್ಕೆ ತುಂಬಿದಾಗ ಅಭಿಸರಣೆಯಿಂದ ಪಕ್ಕದ ಕ್ಸೈಲಂನ ನೀರು ಅಲ್ಲಿಗೆ ನುಗ್ಗಿ ಒತ್ತಡ ಏರುತ್ತದೆ. ಬೇರು, ಕಾಯಿ, ಸುಳಿ, ಹೊಂಬಾಳೆ ಇವು ಸಕ್ಕರೆಯನ್ನು ತೆಗೆದುಕೊಳ್ಳುವ ಕಡೆ ಒತ್ತಡ ಇಳಿಯುತ್ತದೆ. ಈ ವ್ಯತ್ಯಾಸದಿಂದಾಗಿ ರಸವು ಗಂಟೆಗೆ ಸುಮಾರು ಅರ್ಧ ಮೀಟರಿನಿಂದ ಒಂದು ಮೀಟರಿನಷ್ಟು ವೇಗದಲ್ಲಿ ಹರಿಯುತ್ತದೆ. ದಿಕ್ಕು ಕೆಳಕ್ಕೇ ಇರಬೇಕೆಂಬ ನಿಯಮವಿಲ್ಲ, ಬೇಡಿಕೆ ಇರುವ ಕಡೆಗೆ ಅದು ಸಾಗುತ್ತದೆ.

ಸಾಮಾನ್ಯ ಗಿಡದ ಫ್ಲೋಯಂ ಕತ್ತರಿಸಿದರೆ ಜರಡಿಯ ತೂತುಗಳು ಬೇಗನೆ ಮುಚ್ಚಿಕೊಂಡು ಸೋರಿಕೆ ನಿಲ್ಲುತ್ತದೆ. ಹೊಂಬಾಳೆಯನ್ನು ಮೃದುವಾಗಿ ತಟ್ಟಿ ಹದಗೊಳಿಸಿ, ದಿನವೂ ತುದಿಯನ್ನು ತೆಳುವಾಗಿ ಹೆರೆಯುವ ಮೂರ್ತೆದಾರರ ಕೌಶಲ ಈ ಮುಚ್ಚುವಿಕೆಯನ್ನು ತಪ್ಪಿಸುವ ಕೌಶಲವೇ ಆಗಿದೆ. ಬೈನೆ ಮರದಲ್ಲಿಯೂ ಹೀಗೆಯೇ.

ಗೂಟಿ ಪ್ರಿಯ

ನಿಂಬೆಗೆ, ದಾಳಿಂಬೆಗೆ ಗೂಟಿ ಕಟ್ಟುವಾಗ, ಅಂದರೆ ಗಿಡದಲ್ಲಿರುವ ರೆಂಬೆಯಲ್ಲಿಯೇ ಬೇರು ಬರಿಸುವಾಗ, ನಾವು ಒಂದು ಅಂಗುಲದಷ್ಟು ತೊಗಟೆಯನ್ನು ಉಂಗುರದಂತೆ ತೆಗೆಯುತ್ತೇವೆ. ಬೇರು ಯಾವಾಗಲೂ ಉಂಗುರದ ಮೇಲಂಚಿನಿಂದಲೇ ಒಡೆಯುತ್ತದೆ. ಕೆಳಕ್ಕೆ ಹೋಗಲಾರದ ಸಕ್ಕರೆ ಅಲ್ಲಿ ತಂಗುವುದು ಇದಕ್ಕೆ ಕಾರಣವೆಂದು ಭಾವಿಸಬಹುದೇ? ಹಾಗಿದ್ದರೆ ದನ ಕೆರೆದ ಮರಕ್ಕೂ ಏನಾದರೂ ಉಪಾಯವಿರಬೇಕು.

ಸಸ್ಯಶಾಸ್ತ್ರ ಉಪನ್ಯಾಸಕಿ

ಸಕ್ಕರೆಯೂ, ತುದಿಯಿಂದ ಇಳಿಯುವ ಆಕ್ಸಿನ್ ಎಂಬ ಹಾರ್ಮೋನೂ ಒಟ್ಟಿಗೆ ತಂಗುತ್ತವೆ, ಬೇರೊಡೆಯಲು ಎರಡೂ ಬೇಕು. ಉಪಾಯವೂ ಇದೆ, ಆದರೆ ಬೇಗ ಮಾಡಬೇಕು. ಅದೇ ಮರದ ಎಳೆಯ ರೆಂಬೆಗಳನ್ನು ಗಾಯದ ಕೆಳಗಿನ ತೊಗಟೆಗೂ ಮೇಲಿನ ತೊಗಟೆಗೂ, ಕೇಂಬಿಯಂ ಕೇಂಬಿಯಂಗೆ ತಾಗುವಂತೆ ಸಿಕ್ಕಿಸಿ ಕಟ್ಟುವ ಸೇತುವೆ ಕಸಿಯಿಂದ ಸಕ್ಕರೆಗೆ ಹೊಸ ದಾರಿ ಕಟ್ಟಿಕೊಡಬಹುದು. ರೆಂಬೆಯ ಬುಡದ ತುದಿ ಕೆಳಗಿರಬೇಕು, ತಲೆಕೆಳಗಾಗಬಾರದು. ಅಡಿಕೆಗೆ, ತೆಂಗಿಗೆ ಇದು ಸಲ್ಲುವುದಿಲ್ಲ.

ಶರಾವತಿ ತೀರ

ಹಾಗಾದರೆ ಸೀಳಿರುವ ಅಡಿಕೆ ಮರಗಳನ್ನು ಏನು ಮಾಡಲಿ? ಉಳಿದ ಮರಗಳಿಗೆ ಏನು ರಕ್ಷಣೆ?

ಕೊನೆ ಕೊಯ್ಲು

ನಾನು ಅಡಿಕೆ ಕೊನೆ (ಗೊನೆ) ತೆಗೆಯುವವರ ತಂಡ ನಡೆಸುತ್ತೇನೆ. ಆಳವಾಗಿ ಸೀಳಿದ ಮರಗಳಿಗೆ ಬಣ್ಣದ ಗುರುತು ಹಾಕಿ, ಕೊಯ್ಲಿಗೆ ಮುಂಚೆಯೇ ಕಡಿಸಿಬಿಡಿ. ಕೊನೆಗಾರರು ಒಂದು ಮರದ ತುದಿಯಿಂದ ಇನ್ನೊಂದನ್ನು ಬಾಗಿಸಿ ಹಿಡಿದು ದಾಟುತ್ತಾರೆ. ತುದಿ ಹಸಿರಾಗಿದ್ದು ನಡು ಬೆಂದ ಮರ ಆ ಹೊತ್ತಿನಲ್ಲಿ ಮುರಿದರೆ ಅವರ ಜೀವಕ್ಕೇ ಅಪಾಯ. ಕಡಿಸಲು ಮನಸ್ಸಾಗದಿದ್ದರೆ ಆ ಮರಗಳ ಕೊನೆಯನ್ನು ನೆಲದಿಂದಲೇ ದೋಟಿಯಲ್ಲಿ ತೆಗೆಸಿ, ಯಾರನ್ನೂ ಹತ್ತಿಸಬೇಡಿ.

ಉಳಿದವಕ್ಕೆ ಮಳೆಗಾಲ ಮುಗಿಯುತ್ತಲೇ, ದಕ್ಷಿಣಕ್ಕೆ ಸರಿದ ಸೂರ್ಯನ ಮಧ್ಯಾಹ್ನದ ಬಿಸಿಲು ಬೀಳುವ ಮಗ್ಗುಲಿಗೆ ಸುಣ್ಣ ಬಳಿಸಿ ಅಥವಾ ಸೋಗೆ, ಹಾಳೆ ಕಟ್ಟಿಸಿ. ಪಶ್ಚಿಮ ಮತ್ತು ದಕ್ಷಿಣದ ಅಂಚಿನಲ್ಲಿ ಬೇಗ ಬೆಳೆಯುವ ನೆರಳಿನ ಮರಗಳನ್ನು ಹಾಕಿ. ಹೊಸದಾಗಿ ಸಸಿ ನೆಡುವುದಾದರೆ ಉತ್ತರ–ದಕ್ಷಿಣದ ಸಾಲನ್ನು ಪಶ್ಚಿಮದ ಕಡೆಗೆ 35 ಡಿಗ್ರಿಯಷ್ಟು ವಾಲಿಸಿ ನೆಡಬೇಕೆಂಬುದು ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಶಿಫಾರಸು. ಹಾಗೆ ನೆಟ್ಟರೆ ಒಂದು ಮರದ ನೆರಳು ಇನ್ನೊಂದರ ಕಾಂಡದ ಮೇಲೆ ಬೀಳುತ್ತದೆ, ಆದರೆ ಅಂಚಿನ ಸಾಲಿಗೆ ಆಗಲೂ ಸುಣ್ಣ ತಪ್ಪುವುದಿಲ್ಲ.